ಸಂಶೋಧಕರ ಪ್ರಕಟಣೆಗಳ ಪಟ್ಟಿಯಲ್ಲಿ ಅಂಕಿಗಿಂತ ಮೊದಲು ನೋಡಬೇಕಾದದ್ದು

ತುಮಕೂರಿನ ದಂತ ವೈದ್ಯಕೀಯ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿರುವ ನನಗೆ, ಬಡ್ತಿಯ ಅರ್ಜಿಯಿರಲಿ, ಕಾಲೇಜುಗಳ ಗುಣಮಟ್ಟವನ್ನು ಪರಿಶೀಲಿಸುವ ನ್ಯಾಕ್ ತಂಡದ ಭೇಟಿಯಿರಲಿ, ಅಧ್ಯಾಪಕರ ಪ್ರಕಟಣೆಗಳ ಪಟ್ಟಿಯನ್ನು ಸಿದ್ಧಪಡಿಸಿಕೊಡುವ ಕೆಲಸ ತಪ್ಪುವುದಿಲ್ಲ. 2020ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ದಂತ ವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗ ಬಂದ ಮೇಲಂತೂ ಲೇಖನಗಳೆಷ್ಟು, ಅವಕ್ಕೆ ಬೇರೆ ಲೇಖನಗಳಲ್ಲಿ ಬಂದ ಉಲ್ಲೇಖಗಳೆಷ್ಟು ಎಂಬ ವಿಚಾರಣೆ ಹೆಚ್ಚಾಗಿದೆ. ಎಲ್ಲರೂ ಕೇಳುವುದು ಒಟ್ಟು ಸಂಖ್ಯೆಯನ್ನು. ಆದರೆ ಆ ಸಂಖ್ಯೆ ಎಲ್ಲಿಂದ ಬಂತು, ಯಾರು ಯಾವ ಕಾರಣಕ್ಕೆ ಉಲ್ಲೇಖಿಸಿದರು ಎಂಬುದು ತಿಳಿಯದ ಹೊರತು ಅದರಿಂದ ಸಂಶೋಧಕರ ಪ್ರಭಾವವನ್ನು ಅಳೆಯಲಾಗದು ಎಂಬುದು ಈ ಕೆಲಸದಲ್ಲಿ ನನಗೆ ಮನದಟ್ಟಾಗಿರುವ ಸಂಗತಿ.

ಮೊದಲ ತೊಡಕು ಹೆಸರಿನದು. ನಮ್ಮ ಕಡೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೆಸರಿನ ಹಿಂದೆಯೋ ಮುಂದೆಯೋ ಬರೆಯುತ್ತೇವೆ. ಪಾಸ್‌ಪೋರ್ಟಿನಲ್ಲಿ ಅವೇ ವಿಸ್ತಾರಗೊಂಡು ಮನೆತನದ ಹೆಸರಿನ ಜಾಗದಲ್ಲಿ ಕೂರುತ್ತವೆ. ಮದುವೆಯಾದ ಮೇಲೆ ಕೆಲವರ ಹೆಸರಿಗೆ ಗಂಡನ ಹೆಸರೂ ಸೇರುತ್ತದೆ. ಹೀಗಾಗಿ ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿಯಾದ ಎಂಡಿಎಸ್ ಓದುವಾಗ ಬರೆದ ಲೇಖನ ಒಬ್ಬರ ಖಾತೆಯಲ್ಲಿ, ಪ್ರಾಧ್ಯಾಪಕರಾದ ಮೇಲೆ ಬರೆದದ್ದು ಇನ್ನೊಬ್ಬರ ಖಾತೆಯಲ್ಲಿ ಬಿದ್ದಿರುವುದು ಲೇಖನ, ಉಲ್ಲೇಖಗಳನ್ನು ಎಣಿಸುವ ಜಾಲತಾಣವಾದ ಸ್ಕೋಪಸ್‌ನಲ್ಲಿ ಅಪರೂಪವಲ್ಲ. ತದ್ವಿರುದ್ಧವಾಗಿ, ಅಂಥದೇ ಜಾಲತಾಣವಾದ ಗೂಗಲ್ ಸ್ಕಾಲರ್‌ನಲ್ಲಿ ಅದೇ ಹೆಸರಿನ ಕೃಷಿ ವಿಜ್ಞಾನಿಯೊಬ್ಬರ ರಾಗಿ ತಳಿಯ ಲೇಖನ ದಂತ ವೈದ್ಯರ ಪಟ್ಟಿಗೆ ಬಂದು ಸೇರಿರುತ್ತದೆ. 2012ರಲ್ಲಿ ಆರಂಭವಾದ ಆರ್ಕಿಡ್‌ನ ಹದಿನಾರು ಅಂಕೆಗಳ ಗುರುತು ಸಂಖ್ಯೆ, ಒಬ್ಬೊಬ್ಬ ಸಂಶೋಧಕರಿಗೆ ಒಂದರಂತೆ, ಈ ಗೊಂದಲ ತಪ್ಪಿಸಲೆಂದೇ ಇದೆ. ಅದಕ್ಕೆ ನೋಂದಾಯಿಸಿಕೊಳ್ಳಲು ಹಣ ಕೊಡಬೇಕಿಲ್ಲ, ಹೆಚ್ಚು ಹೊತ್ತೂ ಬೇಕಿಲ್ಲ. ಆದರೂ ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಮಾಡಿಸುವಷ್ಟರಲ್ಲಿ ನನಗೆ ಸಾಕಾಗಿರುತ್ತದೆ.

ಹೆಸರು ಸರಿಯಾದ ಮೇಲೂ ಅಂಕಿಗಳು ಒಂದೇ ಆಗಿರುವುದಿಲ್ಲ. ಗೂಗಲ್ ಸ್ಕಾಲರ್ ಮಹಾಪ್ರಬಂಧಗಳು, ಸಮ್ಮೇಳನದ ಪತ್ರಿಕೆಗಳು ಎಲ್ಲವನ್ನೂ ಎಣಿಸುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ತಾವು ಆಯ್ದ ಪ್ರಕಟಣೆಗಳನ್ನು ಮಾತ್ರ ಎಣಿಸುತ್ತವೆ. ಭೌತವಿಜ್ಞಾನಿ ಹಾರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಕೂಡ ಆಯಾ ಜಾಲತಾಣದ ಎಣಿಕೆಯನ್ನೇ ಅವಲಂಬಿಸಿದೆ. ಒಬ್ಬರ ಆರು ಲೇಖನಗಳಿಗೆ ಕ್ರಮವಾಗಿ 40, 12, 7, 5, 4, 1 ಉಲ್ಲೇಖಗಳಿದ್ದರೆ ಅವರ ಎಚ್-ಇಂಡೆಕ್ಸ್ 4, ಅಂದರೆ ಕನಿಷ್ಠ ನಾಲ್ಕು ಉಲ್ಲೇಖಗಳಿರುವ ಲೇಖನಗಳು ನಾಲ್ಕಾದರೂ ಇವೆ, ಆದರೆ ಕನಿಷ್ಠ ಐದಿರುವವು ಐದಿಲ್ಲ; ಮೊದಲ ಲೇಖನಕ್ಕೆ 400 ಉಲ್ಲೇಖ ಬಂದರೂ ಅದು 4 ಆಗಿಯೇ ಉಳಿಯುತ್ತದೆ. ಆದ್ದರಿಂದ ಪ್ರತಿ ಅಂಕಿಯ ಪಕ್ಕದಲ್ಲಿ ಮೂಲವನ್ನೂ ನೋಡಿದ ದಿನಾಂಕವನ್ನೂ ಬರೆಯದೆ ನಾನು ಪಟ್ಟಿ ಕೊಡುವುದಿಲ್ಲ.

ನಿಜವಾದ ಕೆಲಸ ಇರುವುದು ಉಲ್ಲೇಖಿಸಿದ ಲೇಖನಗಳನ್ನು ತೆರೆದು ಓದುವುದರಲ್ಲಿ. ನಮ್ಮ ಸಾರ್ವಜನಿಕ ದಂತ ಆರೋಗ್ಯ ವಿಭಾಗದ ಮೇಡಂ ಒಬ್ಬರ ಪಟ್ಟಿಯಲ್ಲಿ ಹಲ್ಲು ತುಂಬುವ ಸಾಮಗ್ರಿಯ ಕುರಿತ ವಿಮರ್ಶಾ ಲೇಖನಕ್ಕೆ ಅತಿ ಹೆಚ್ಚು ಉಲ್ಲೇಖಗಳಿದ್ದವು; ಪಾವಗಡ ತಾಲ್ಲೂಕಿನ ಶಾಲಾ ಮಕ್ಕಳ ದಂತ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಕಲೆ ಬೀಳುವ ತೊಂದರೆ) ಸಮೀಕ್ಷೆಗೆ ಬೆರಳೆಣಿಕೆಯಷ್ಟು. ತೆರೆದು ನೋಡಿದಾಗ, ಮೊದಲನೆಯದನ್ನು ಬಹುತೇಕರು ಪೀಠಿಕೆಯ ಒಂದು ವಾಕ್ಯದಲ್ಲಿ ಇತರ ಲೇಖನಗಳ ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗಿದ್ದರು. ಎರಡನೆಯದನ್ನು ಉಲ್ಲೇಖಿಸಿದವರು ಅದರ ಕೋಷ್ಟಕಗಳನ್ನು ತಮ್ಮ ಫಲಿತಾಂಶದೊಡನೆ ಹೋಲಿಸಿದ್ದರು. ಹಾಗೆ ಹೋಲಿಸಲು ಸಾಧ್ಯವಾದದ್ದು ಮೇಡಂ ಅವರು ಫ್ಲೋರೋಸಿಸ್‌ನ ತೀವ್ರತೆಯನ್ನು ಅಳೆಯುವ 1942ರ ಪರಿಷ್ಕೃತ ಡೀನ್ ಸೂಚ್ಯಂಕವನ್ನು ಬಳಸಿ, ಪ್ರತಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಪ್ರಮಾಣವನ್ನೂ ದಾಖಲಿಸಿದ್ದರಿಂದ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಒಂದು ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ 1.5ರವರೆಗೆ ಅನುಮತಿ; ಈ ಗೆರೆಯ ಆಚೆ ಈಚೆ ಇರುವ ಊರುಗಳ ಮಕ್ಕಳ ಹಲ್ಲುಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವ ಕೋಷ್ಟಕ ಕೋಲಾರ, ಚಿಕ್ಕಬಳ್ಳಾಪುರದ ಅಧ್ಯಯನಕಾರರಿಗೂ ಬೇಕಾಗುತ್ತದೆ. ನೀರು ಶುದ್ಧೀಕರಣ ಘಟಕವನ್ನು ಎಲ್ಲಿಡಬೇಕೆಂದು ಯೋಚಿಸುವ ಎಂಜಿನಿಯರ್ ಅದನ್ನು ಓದಿದರೂ, ಅವರು ಜರ್ನಲ್‌ಗೆ ಲೇಖನ ಬರೆಯುವವರಲ್ಲವಾದ್ದರಿಂದ ಆ ಓದು ಯಾವ ಜಾಲತಾಣದ ಲೆಕ್ಕಕ್ಕೂ ಸಿಗುವುದಿಲ್ಲ.

ಇದರಿಂದಾಗಿ ಈಗ ಪಟ್ಟಿಯ ಜೊತೆ ಒಂದು ಹಾಳೆಯನ್ನು ಲಗತ್ತಿಸುತ್ತೇನೆ. ಸ್ವಂತ ಲೇಖನವನ್ನೇ ಉಲ್ಲೇಖಿಸಿಕೊಂಡದ್ದೆಷ್ಟು, ದತ್ತಾಂಶವನ್ನೋ ವಿಧಾನವನ್ನೋ ನಿಜವಾಗಿ ಬಳಸಿಕೊಂಡವರು ಯಾರು ಎಂಬುದು ಅದರಲ್ಲಿರುತ್ತದೆ. ಸಂಶೋಧಕರನ್ನು ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ (ಅದರ ಲೇಖನಗಳಿಗೆ ಬರುವ ಸರಾಸರಿ ಉಲ್ಲೇಖ) ಅಳೆಯಬಾರದೆಂದು 2012ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಹೇಳಿದೆಯಾದರೂ ಅರ್ಜಿ ನಮೂನೆಗಳಲ್ಲಿ ಅದಕ್ಕೊಂದು ಕಾಲಂ ಇದ್ದೇ ಇರುತ್ತದೆ, ಅದನ್ನೂ ತುಂಬಿಕೊಡುತ್ತೇನೆ. ಹಾಳೆಯನ್ನು ಕೆಲವು ಸಮಿತಿಗಳು ಓದುತ್ತವೆ, ಕೆಲವು ತಿರುವಿಯೂ ನೋಡುವುದಿಲ್ಲ. ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ: ಒಡೆದುಹೋದ ಖಾತೆಗಳನ್ನು ಒಂದುಗೂಡಿಸುವ ಮನವಿಗೆ ಸ್ಕೋಪಸ್‌ನಿಂದ ಉತ್ತರ ಬರಲು ಸಮಯ ಹಿಡಿಯುವುದರಿಂದ, ಅರ್ಜಿಯ ಕೊನೆಯ ದಿನದ ಹಿಂದಿನ ಸಂಜೆ ಗ್ರಂಥಾಲಯಕ್ಕೆ ಬರಬೇಡಿ.