ಕೋವಿ ಇದ್ದವರು ಗೆಲ್ಲೋದು ದೊಡ್ಡದಾ?

ಎರಿಕ್ ಫ್ಲಿಂಟ್ ಬರೆದ '1632' ನನ್ನ ಮೆಚ್ಚಿನ ಕಾದಂಬರಿ ಅಂದ ಕೂಡಲೇ ಜನ ಕಥೆ ಏನು ಅಂತ ಕೇಳುತ್ತಾರೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಗ್ರಾಂಟ್‌ವಿಲ್ ಅಂತ ಕಲ್ಲಿದ್ದಲು ಗಣಿಯ ಊರು. 2000ನೇ ಇಸವಿಯ ಒಂದು ದಿನ ಮನೆ, ರಸ್ತೆ, ಗಣಿ, ಜನರ ಸಮೇತ ಇಡೀ ಊರು 1631ರ ಜರ್ಮನಿಗೆ, ತುರಿಂಜಿಯಾ ಪ್ರಾಂತ್ಯಕ್ಕೆ ಹೋಗಿ ಬೀಳುತ್ತದೆ. ನಮ್ಮ ಕಡೆ ಬುರ್ಹಾನಪುರದಲ್ಲಿ ಮುಮ್ತಾಜ್ ತೀರಿಕೊಂಡ ವರ್ಷ ಅದು. ಜರ್ಮನಿಯಲ್ಲಿ ಆಗ 'ಮೂವತ್ತು ವರ್ಷಗಳ ಯುದ್ಧ' (1618-48) ನಡೆಯುತ್ತಿದೆ. ವಾಪಸ್ ಬರುವ ದಾರಿ ಇಲ್ಲ.

ಇಷ್ಟು ಹೇಳಿದ ಮೇಲೆ ಬರುವ ಪ್ರಶ್ನೆ ಒಂದೇ: "ಇವರ ಹತ್ರ ಈಗಿನ ಕೋವಿ, ಲಾರಿ, ಕರೆಂಟು ಎಲ್ಲ ಇದೆ. ಅವರ ಹತ್ರ ಈಟಿ, ಹಳೇ ಮಸ್ಕೆಟ್ಟು. ಗೆಲ್ಲೋದರಲ್ಲಿ ಏನು ದೊಡ್ಡಸ್ತಿಕೆ?"

ಮೊದಲ ಕಾಳಗ ಗೆಲ್ಲೋದು ದೊಡ್ಡದಲ್ಲ, ಒಪ್ಪುತ್ತೇನೆ. ಕಷ್ಟ ಇರೋದು ಅದಾದ ಮೇಲೆ. ಗುಂಡು ಖಾಲಿಯಾಗುತ್ತದೆ. ಟೈರು ಸವೆಯುತ್ತದೆ. ರಬ್ಬರನ್ನು ಗಂಧಕ ಹಾಕಿ ಕಾಯಿಸಿ ಗಟ್ಟಿ ಮಾಡುವ ವಿದ್ಯೆ ಗೊತ್ತಾಗಿದ್ದು 1839ರಲ್ಲಿ. ಊರಿನವರಿಗೆ ಅದು ಗೊತ್ತು, ಆದರೆ ರಬ್ಬರ್ ಮರ ಇರೋದು ಸಮುದ್ರದಾಚೆ ಅಮೆಜಾನ್ ಕಾಡಿನಲ್ಲಿ. ಇನ್ಸುಲಿನ್ ಫ್ರಿಜ್ಜಿನಲ್ಲಿ ಎಷ್ಟಿದೆಯೋ ಅಷ್ಟೇ. ಅದನ್ನೇ ನಂಬಿಕೊಂಡ ಮಗುವಿನ ತಾಯಿಯ ಬಗ್ಗೆ ಯೋಚಿಸಿದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ.

ಅದಕ್ಕೇ ಇವರು ಇಪ್ಪತ್ತನೇ ಶತಮಾನವನ್ನು ಹಾಗೇ ಉಳಿಸಿಕೊಳ್ಳಲು ಹೋಗುವುದಿಲ್ಲ. ಗೇರ್ ಇಳಿಸುತ್ತಾರೆ. ಕೈಲಾಗುವಷ್ಟಕ್ಕೆ, ಅಂದರೆ ಉಗಿ ಯಂತ್ರದ ಕಾಲಕ್ಕೆ ಇಳಿದು ನಿಲ್ಲಬೇಕು. ಆಗ ಊರಿನಲ್ಲಿ ಯಾರ ಬೆಲೆ ಏರುತ್ತದೆ ನೋಡಿ. ಲೇತ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರದ ಮುಂದೆ ನಿಂತು ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಕಂಡುಹಿಡಿಯುವ ಮುದಿ ಟರ್ನರ್‌ದು. ಕಂಪ್ಯೂಟರಿನಿಂದ ಇನ್ನೊಂದು ಕಂಪ್ಯೂಟರ್ ಹುಟ್ಟುವುದಿಲ್ಲ. ಒಳ್ಳೆ ಲೇತ್ ಇದ್ದರೆ ಇನ್ನೊಂದು ಲೇತಿನ ಸ್ಕ್ರೂ, ಶಾಫ್ಟ್ ಎಲ್ಲ ಅದರಲ್ಲೇ ಕಡೆಯಬಹುದು. ಫ್ಲಿಂಟ್ ಸ್ವತಃ ಮೆಷಿನ್ ಶಾಪಿನಲ್ಲಿ ದುಡಿದವರು, ಕಾರ್ಮಿಕ ಸಂಘ ಕಟ್ಟಿದವರು. ಆ ಪುಟಗಳಲ್ಲಿ ಅದು ಗೊತ್ತಾಗುತ್ತದೆ.

ಆದರೆ ಎಷ್ಟೇ ಲೇತ್ ಇರಲಿ, ಕೆಲವೇ ಸಾವಿರ ಜನ ಗಣಿಯನ್ನೂ ತೋಡಿ, ಹೊಲವನ್ನೂ ಉತ್ತು, ಕಾವಲೂ ಕಾದು, ಮಕ್ಕಳಿಗೆ ಪಾಠವನ್ನೂ ಹೇಳೋಕೆ ಆಗುತ್ತಾ? ಆಗಲ್ಲ. ಕಥೆಯ ತಿರುವು ಇಲ್ಲಿದೆ. ಅದೇ 1631ರ ಮೇ ತಿಂಗಳಲ್ಲಿ ಜರ್ಮನಿಯ ಮಾಗ್ಡೆಬರ್ಗ್ ನಗರವನ್ನು ಸೈನಿಕರು ಸುಟ್ಟು ಲೂಟಿ ಮಾಡಿದ್ದಾರೆ. ಸುಮಾರು 20,000 ಜನ ಸತ್ತದ್ದು ನಿಜವಾದ ಇತಿಹಾಸ. ಯುದ್ಧದಲ್ಲಿ ಮನೆ ಕಳೆದುಕೊಂಡವರು ಗ್ರಾಂಟ್‌ವಿಲ್ ಕಡೆ ಬರುತ್ತಿದ್ದಾರೆ. ಊರು ಸಭೆ ಸೇರುತ್ತದೆ. ಮಗನ ಮದುವೆಗೆ ಬಂದು ಸಿಕ್ಕಿಕೊಂಡ ಕಂಪನಿ ಮುಖ್ಯಸ್ಥ ಸಿಂಪ್ಸನ್, ಇರೋದು ನಮಗೇ ಸಾಲದು, ಗಡಿ ಮುಚ್ಚಿ ಅನ್ನುತ್ತಾನೆ. ಗಣಿ ಕಾರ್ಮಿಕರ ಮುಖಂಡ ಮೈಕ್ ಸ್ಟರ್ನ್ಸ್ ಎದ್ದು ನಿಂತು ಬೇಡ ಅನ್ನುತ್ತಾನೆ. ಬಂದವರು ಬರಲಿ, ನಮ್ಮವರೇ ಆಗಲಿ. ಊರು ಅವನ ಕಡೆ ನಿಲ್ಲುತ್ತದೆ. ಇದರಲ್ಲಿ ಕರುಣೆ ಎಷ್ಟಿದೆಯೋ ಲೆಕ್ಕಾಚಾರವೂ ಅಷ್ಟೇ ಇದೆ. ಎರಡೂ ಒಂದೇ ದಾರಿ ತೋರಿಸುವುದು ನನಗೆ ಬಹಳ ಹಿಡಿಸಿದ ಸಂಗತಿ.

ಬಂದವರು ಪೆದ್ದರೂ ಅಲ್ಲ. ಗಣಿಯಿಂದ ನೀರು ಎತ್ತುವ ಚಕ್ರಗಳನ್ನು ಚಿತ್ರ ಸಮೇತ ವಿವರಿಸಿದ, ಜರ್ಮನಿಯ ವಿದ್ವಾಂಸ ಅಗ್ರಿಕೋಲಾನ ಪುಸ್ತಕ 1556ರಲ್ಲೇ ಅಚ್ಚಾಗಿತ್ತು. ತುರಿಂಜಿಯಾದಲ್ಲೇ ಇರುವ ಜೂಲ್ ಪಟ್ಟಣದ ಕೋವಿ ಕಮ್ಮಾರರು ಆಗಲೇ ಹೆಸರುವಾಸಿ. ಯೇನಾ ವಿಶ್ವವಿದ್ಯಾಲಯ ಶುರುವಾಗಿ ಎಪ್ಪತ್ತು ವರ್ಷ ದಾಟಿತ್ತು. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ ತೀರಿಕೊಂಡಿದ್ದು 1630ರ ನವೆಂಬರಿನಲ್ಲಿ. ಇನ್ನು ಅರ್ಧ ವರ್ಷ ಬದುಕಿದ್ದರೆ ಆ ಊರಿನ ಶಾಲೆಯ ವಿಜ್ಞಾನ ಪುಸ್ತಕ ಅವನ ಕೈ ಸೇರುತ್ತಿತ್ತಲ್ಲಾ ಅಂತ ನನಗೆ ಸಂಕಟವಾಗುತ್ತದೆ.

ಇನ್ನು ದೊಡ್ಡ ಶತ್ರು ಅಂದರೆ ಹೇನು. ಆ ಯುದ್ಧದಲ್ಲಿ ಕತ್ತಿಗಿಂತ ಜಾಸ್ತಿ ಜನರನ್ನು ಕೊಂದದ್ದು ರೋಗ. ಅವುಗಳಲ್ಲಿ ಟೈಫಸ್ ಜ್ವರವೂ ಒಂದು. ಹೇನು ಅದನ್ನು ಹರಡುತ್ತದೆ ಅಂತ ಫ್ರಾನ್ಸಿನ ವೈದ್ಯ ಶಾರ್ಲ್ ನಿಕೋಲ್ ತೋರಿಸಿಕೊಟ್ಟಿದ್ದು 1909ರಲ್ಲಿ. ಈ ಹೇನು ಮೊಟ್ಟೆ ಇಡೋದು ಬಟ್ಟೆಯ ಹೊಲಿಗೆಯಲ್ಲಿ. ಊರಿಗೆ ಬಂದವರ ಬಟ್ಟೆ ಬಿಚ್ಚಿಸಿ ಕುದಿಸಬೇಕು, ಆಗದಿದ್ದರೆ ಹೊಲಿಗೆಯ ಉದ್ದಕ್ಕೂ ಕಾದ ಇಸ್ತ್ರಿ ಒತ್ತಬೇಕು. ಮೈಮೇಲಿರೋದು ಒಂದೇ ಅಂಗಿ, ಹೊರಗೆ ಚಳಿ. ಅದನ್ನೂ ಬಿಚ್ಚಿಕೊಡು ಅಂದರೆ ಯಾರು ಸುಮ್ನೆ ಕೊಡುತ್ತಾರೆ? ಅವರ ಭಾಷೆ ಬಾರದ ಊರಿನ ದಾದಿ ಹಾಗೆ ಬಂದ ಹೆಂಗಸನ್ನು ಒಪ್ಪಿಸಬೇಕು. ನನ್ನ ಮಟ್ಟಿಗೆ ಅದು ಯಾವ ಕಾಳಗಕ್ಕೂ ಕಡಿಮೆಯಲ್ಲ.

ಕಾದಂಬರಿಯಲ್ಲಿ ಗುಂಡಿನ ಪುಟಗಳು ಜಾಸ್ತಿಯೇ ಇವೆ, ಊರಿನವರು ಸಲೀಸಾಗಿ ಗೆದ್ದೂಬಿಡುತ್ತಾರೆ. ಬೇಸರವಾದರೆ ಅವನ್ನು ದಾಟಿಸಿ ಓದಿ. ಸಭೆಯ ಅಧ್ಯಾಯ ಮಾತ್ರ ಬಿಡಬೇಡಿ. ಆಮೇಲೆ ಸಿಂಪ್ಸನ್ ಹೇಳಿದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಅಂತ ನನಗೆ ಬರೆಯಿರಿ. ಆ ಚರ್ಚೆ ನನಗೆ ಯಾವಾಗಲೂ ಇಷ್ಟ.