ಹಿಂದಿನವರು ನಮಗಿಂತ ಸುಖವಾಗಿದ್ದರೇ?

ನಾನು ಚರಿತ್ರೆ ಕಲಿಸುವವನೆಂದು ತಿಳಿದವರು, ಮದುವೆ ಮನೆಯ ಪಂಕ್ತಿಯಲ್ಲಾಗಲಿ ಕಾಸರಗೋಡಿನ ಬಸ್ಸಿನಲ್ಲಾಗಲಿ, ಕೊನೆಗೆ ಒಂದೇ ಪ್ರಶ್ನೆಗೆ ಬರುತ್ತಾರೆ: “ಯಂತ್ರಗಳಿಲ್ಲದ ಕಾಲದ ಜನ ನಮಗಿಂತ ಸುಖವಾಗಿದ್ದರಲ್ಲವೇ ಮಾಷ್ಟ್ರೇ?” ಇರಲಿಲ್ಲ ಎಂಬುದೇ ನನ್ನ ಉತ್ತರ. ಹಾಗೆ ಹೇಳುವಾಗ ಸಂಕಟವೂ ಆಗುತ್ತದೆ, ಏಕೆಂದರೆ ಕೇಳುವವರು ಏನನ್ನೋ ಕಳೆದುಕೊಂಡಿರುವುದು ನಿಜ.

ತುಳುವರ ಆಟಿ ತಿಂಗಳನ್ನೇ ತೆಗೆದುಕೊಳ್ಳಿ, ಜುಲೈ–ಆಗಸ್ಟಿನ ಜಡಿಮಳೆಯ ತಿಂಗಳು. ಈಗ ನಮ್ಮ ಕಡೆ ಊರೂರಲ್ಲಿ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂಬ ಕೂಟ ನಡೆಯುತ್ತದೆ. ತಗತೆ ಸೊಪ್ಪಿನ ಪಲ್ಯ, ಪತ್ರೊಡೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ ಉಪ್ಪುಸೊಳೆ, ಹಲಸಿನ ಬೇಳೆಯ ಸಾರು ಎಲ್ಲವನ್ನೂ ಪ್ರೀತಿಯಿಂದ ಬಡಿಸುತ್ತಾರೆ. ಆದರೆ ಇವು ಮೂಲದಲ್ಲಿ ಹಬ್ಬದಡುಗೆಯಲ್ಲ. ಅಕ್ಕಿ ಕಟ್ಟಿಡುವ ಹುಲ್ಲಿನ ಮುಡಿ ಬರಿದಾಗಿ, ಹೊಸ ಬೆಳೆ ಇನ್ನೂ ಹಸುರಾಗಿ ಗದ್ದೆಯಲ್ಲಿ ನಿಂತಿದ್ದಾಗ, ಬಿಡದ ಮಳೆಯಲ್ಲಿ ಕೂಲಿಯೂ ಸಿಗದವರು ಗುಡ್ಡೆಯಲ್ಲಿ ಸಿಕ್ಕಿದ್ದನ್ನು ಬೇಯಿಸಿ ತಿಂದು ದಿನ ಕಳೆದ ಊಟವದು. ಹೋದ ವರ್ಷ ನನ್ನ ಪಕ್ಕದಲ್ಲಿ ಕುಳಿತಿದ್ದ, ಹಿಂದೆ ಗದ್ದೆ ಕೆಲಸಕ್ಕೆ ಹೋಗುತ್ತಿದ್ದ ಹಿರಿಯ ಹೆಂಗಸು ತಗತೆ ಸೊಪ್ಪನ್ನು ಎಲೆಯ ಬದಿಗೆ ಸರಿಸಿ, “ಇದನ್ನು ತಿಂದು ಸಾಕಾಗಿದೆ ಮಾಷ್ಟ್ರೇ, ಇನ್ನೊಂದಿಷ್ಟು ಅನ್ನ ಬಡಿಸಲಿ” ಎಂದರು. ಆಟಿ ಕಳೆಂಜನೆಂಬ ವೇಷ ಮನೆಮನೆಗೆ ಬಂದು ಮಾರಿ, ಅಂದರೆ ರೋಗರುಜಿನ, ಕಳೆಯುತ್ತಿದ್ದುದೂ ಅದೇ ತಿಂಗಳಲ್ಲಿ. ಮಾರಿಯ ಆ ಭಯಕ್ಕೆ ಕಾರಣವಿತ್ತು.

ಕೈಗಾರಿಕಾ ಕ್ರಾಂತಿಗೆ ಮೊದಲಿನ ಸಮಾಜಗಳಲ್ಲಿ, ಯುರೋಪಿರಲಿ ಏಷ್ಯಾ ಇರಲಿ, ಹುಟ್ಟಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಪ್ರಾಯಕ್ಕೆ ಬರುವ ಮೊದಲೇ ತೀರಿಕೊಳ್ಳುತ್ತಿದ್ದರು. ಯಂತ್ರಯುಗದ ಫಲ ನಮ್ಮ ದೇಶಕ್ಕೆ ತಡವಾಗಿ ಮುಟ್ಟಿತು: ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಸ್ಸು ಮೂವತ್ತರ ಆಚೀಚೆ ಇತ್ತು, ಈಗ ಎಪ್ಪತ್ತರ ಸುಮಾರಿಗಿದೆ, ಸಿಡುಬು ಈ ನೆಲ ಬಿಟ್ಟದ್ದು 1975ರಲ್ಲಿ. ಆ ಕಾಲದ ತಾಯಂದಿರಿಗೆ ಸಾವು ಅಭ್ಯಾಸವಾಗಿತ್ತು, ಇಲ್ಲದ್ದನ್ನು ಬಯಸದವರಿಗೆ ಕೊರಗೂ ಇರಲಿಲ್ಲ ಎಂದು ಓದಿದವರೇ ವಾದಿಸುತ್ತಾರೆ. ನನ್ನ ಅಜ್ಜಿ ಹೆತ್ತದ್ದು ಒಂಬತ್ತು, ಉಳಿದವರು ಐದು. ಮಕ್ಕಳೆಷ್ಟು ಎಂದು ಯಾರು ಕೇಳಿದರೂ ಅವರು ಸಾಯುವ ತನಕ ಒಂಬತ್ತು ಎಂದೇ ಹೇಳುತ್ತಿದ್ದರು.

ಇನ್ನೊಂದು ಮಾತು. ಹಳೆಯ ಕಾಲದ ಸುಖವನ್ನು ನಾವು ಚಾವಡಿಯಲ್ಲಿ ಕುಳಿತು ನೆನೆಯುತ್ತೇವೆ, ಅಂಗಳದಾಚೆ ನಿಂತವರ ಕಡೆಯಿಂದಲ್ಲ. 1800-01ರಲ್ಲಿ ಈ ಸೀಮೆಯನ್ನು ಹಾದುಹೋದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಗದ್ದೆಗಳಲ್ಲಿ ದುಡಿಯುವವರಲ್ಲಿ ಕೊಂಡು ಮಾರುವ ಗುಲಾಮರಿದ್ದುದನ್ನು ಬರೆದಿಟ್ಟಿದ್ದಾನೆ. ಆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ನೇಜಿ (ಭತ್ತದ ಸಸಿ) ನೆಡುವಾಗಿನ ಹಾಡುಗಳು ನನಗೂ ಪ್ರಿಯವೇ. ಆದರೆ ಅವುಗಳನ್ನು ಹಾಡಿದವರು ಮಳೆಯಲ್ಲಿ ನೆನೆಯುತ್ತ ಬೇರೆಯವರ ಗದ್ದೆಯಲ್ಲಿ ಬಗ್ಗಿ ನಿಂತಿದ್ದರು.

ಹಾಗೆಂದು ಈಗಿನ ಕಾಲವನ್ನು ನಾನು ಹೊಗಳುತ್ತ ಕೂರಲಾರೆ. ಇದೇ ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೂ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು, ಇಲ್ಲಿನ ಎಣ್ಮಕಜೆ ಗ್ರಾಮದ ಕಡೆ ಹಾಸಿಗೆ ಬಿಟ್ಟೇಳಲಾಗದ ಮಕ್ಕಳನ್ನು ಕಂಡವರು ಮರೆಯುವಂತಿಲ್ಲ. ಒಂಟಿತನವೂ ಹೊಸದು. ನಮ್ಮ ಬೈಲಿನಲ್ಲಿ ದೊಡ್ಡ ಮನೆಗಳಿವೆ, ಒಳಗೆ ಇಬ್ಬರೇ ಮುದುಕರು. ನೆರೆಮನೆಯವರ ಮಗ ದುಬೈಯಲ್ಲಿದ್ದಾನೆ. ರಾತ್ರಿ ಒಂಬತ್ತಕ್ಕೆ ವಿಡಿಯೋ ಕರೆ ಬರುವವರೆಗೆ ಆ ಇಬ್ಬರೂ ಜಗಲಿಯಲ್ಲೇ ಕುಳಿತಿರುತ್ತಾರೆ. ಅವರ ದುಃಖವನ್ನು ಸಣ್ಣದೆಂದು ನಾನು ಹೇಳಲಾರೆ. ಆದರೆ ಅವರ ಮಗ ಬದುಕಿದ್ದಾನೆ, ಕರೆ ಬರುತ್ತದೆ. ಅಜ್ಜಿ ಎಣಿಕೆಯಲ್ಲಿ ಮಾತ್ರ ಉಳಿಸಿಕೊಂಡಿದ್ದ ಆ ನಾಲ್ವರಿಂದ ಯಾವ ಕರೆಯೂ ಬರುವಂತಿರಲಿಲ್ಲ.