ಪಾಲುಪಟ್ಟಿ ಓದುವ ಮೊದಲು ಕವರು ಬಿಡಿಸಿ

ಮಂಗಳೂರು, 14 ಫೆಬ್ರವರಿ 2025, ಶುಕ್ರವಾರ

ಕಾನೂನು ವಿಭಾಗದ ಇವತ್ತಿನ ಸಂಶೋಧನಾ ಕಮ್ಮಟದ ವಿಷಯ ಅಳಿಯಸಂತಾನ ಕುಟುಂಬಗಳ, ಅಂದರೆ ತಾಯಿಯ ಕಡೆಯಿಂದ ವಂಶ ಮತ್ತು ಆಸ್ತಿ ಇಳಿಯುವ ಕುಟುಂಬಗಳ, ಪಾಲುಪಟ್ಟಿ (ಆಸ್ತಿ ಹಂಚಿಕೆಯ ಪತ್ರ). ಒಬ್ಬ ಹೆಂಗಸು, ಅವಳ ಮಕ್ಕಳು ಮತ್ತು ಹೆಣ್ಣುಸಂತಾನದಲ್ಲಿ ಬಂದ ಅವಳ ವಂಶದವರೆಲ್ಲ ಸೇರಿದ ಗುಂಪೇ ಕವರು. ಬೆಳಗ್ಗೆ ಕಾಯಿದೆ, ಮಧ್ಯಾಹ್ನ ದಾಖಲೆ. ಬಾರದವರಿಗೂ ಉಪಯೋಗವಾಗಲಿ ಎಂದು ಟಿಪ್ಪಣಿಯನ್ನು ಇಲ್ಲಿ ಹಾಕುತ್ತಿದ್ದೇವೆ.

ಹಿಂದೂ ಉತ್ತರಾಧಿಕಾರದ ಮೇಲೆ ವಿದ್ಯಾರ್ಥಿಗಳು ತರುವ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಇರುವುದು ಮಿತಾಕ್ಷರ (ಗಂಡಿನ ಕಡೆಯಿಂದ ವಂಶ ಎಣಿಸುವ ಪದ್ಧತಿ), 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 6ನೇ ಕಲಂ, 2005ರ ತಿದ್ದುಪಡಿ, ಮಗಳಿಗೂ ಹುಟ್ಟಿನಿಂದಲೇ ಪಾಲಿದೆ ಎಂದ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು. ಎಲ್ಲವೂ ಓದಬೇಕಾದವೇ. ಆದರೆ ನಮ್ಮೂರಿನ ಬಂಟರ ಮನೆಯ, ಬಿಲ್ಲವರ ಮನೆಯ, ಮೊಗವೀರರ ಮನೆಯ ಕುಟುಂಬದ ಆಸ್ತಿಯ ದಾವೆ ಎದುರಿಗೆ ಬಂದಾಗ 6ನೇ ಕಲಂ ಹಿಡಿದುಕೊಂಡು ಹೋದರೆ ಮೊದಲ ಹೆಜ್ಜೆಯೇ ತಪ್ಪು. ಅಲ್ಲಿ ನೋಡಬೇಕಾದದ್ದು ಅದೇ ಕಾಯಿದೆಯ 7ನೇ ಕಲಮಿನ 2ನೇ ಉಪಕಲಂ ಮತ್ತು 17ನೇ ಕಲಂ. ಕರಾವಳಿಯ ಕಾನೂನು ವಿಭಾಗವೊಂದು ದೇಶಕ್ಕೆ ಕೊಡಬಹುದಾದ ಸಂಶೋಧನೆ ಇರುವುದೇ ಇಲ್ಲಿ. ಇದನ್ನು ಬೇರೆಯವರು ಬಂದು ಮಾಡಿಕೊಡುವುದಿಲ್ಲ.

ಮೊದಲ ಕೆಲಸ ಕಾಯಿದೆ ತೆರೆಯುವುದಲ್ಲ, ವಂಶವೃಕ್ಷ ಬರೆಯುವುದು. ಹಾಳೆಯ ತಲೆಯಲ್ಲಿ ಗೊತ್ತಿರುವಷ್ಟರಲ್ಲಿ ಹಿರಿಯ ಹೆಂಗಸಿನ ಹೆಸರು. ಕೆಳಗೆ ಅವಳ ಮಕ್ಕಳು. ಅಲ್ಲಿಂದ ಮುಂದೆ ಗೆರೆ ಇಳಿಯುವುದು ಹೆಣ್ಣುಮಕ್ಕಳಿಂದ ಮಾತ್ರ. ಗಂಡುಮಗನ ಹೆಸರು ಬರುತ್ತದೆ, ಅವನ ಮಕ್ಕಳ ಹೆಸರು ಬರುವುದಿಲ್ಲ. ಅವರು ತಮ್ಮ ತಾಯಿಯ ಕವರಿಗೆ ಸೇರಿದವರು. ಪ್ರತಿ ಹೆಸರಿನ ಪಕ್ಕದಲ್ಲಿ ಹುಟ್ಟಿದ ವರ್ಷ, ತೀರಿಹೋದ ತಾರೀಕು. ತೀರಿಹೋದ ತಾರೀಕು ಸಿಗುವ ತನಕ ಲೆಕ್ಕಕ್ಕೆ ಕೈಹಾಕಬಾರದು, ಯಾಕೆಂದರೆ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದ 17 ಜೂನ್ 1956ರ ಆಚೆಯ ಸಾವಿಗೂ ಈಚೆಯ ಸಾವಿಗೂ ಕಾನೂನೇ ಬೇರೆ.

ಒಂದು ಮಾದರಿ ಲೆಕ್ಕ ಮಾಡಿದೆವು. ಪಾಲಾಗದ ಕುಟುಂಬ. ತಾಯಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಹಿರಿಮಗಳಿಗೆ ಮೂವರು ಮಕ್ಕಳು, ಕಿರಿಮಗಳಿಗೆ ಒಬ್ಬಳು ಮಗಳು. ಮಗನಿಗೆ ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಮಗ 1960ರಲ್ಲಿ ವೀಲುನಾಮೆ ಬರೆಯದೆ ತೀರಿಕೊಂಡ ಎಂದಿಟ್ಟುಕೊಳ್ಳಿ. ಅವನು ಸಾಯುವ ಮುಂಚಿನ ಗಳಿಗೆಯಲ್ಲಿ ತಲೆಗೊಂದರಂತೆ ಪಾಲಾಗಿದ್ದರೆ ಅವನಿಗೆ ಎಷ್ಟು ಬರುತ್ತಿತ್ತೋ ಅಷ್ಟು ಅವನ ಹಿಸ್ಸೆ. ಕುಟುಂಬದಲ್ಲಿ ಬದುಕಿದ್ದವರು ಎಂಟು ಜನ, ಹಾಗಾಗಿ ಎಂಟರಲ್ಲಿ ಒಂದು. ಆ ಒಂದು ಪಾಲು ಮಾತ್ರ ಅವನ ತಾಯಿ, ಹೆಂಡತಿ, ಮಗ, ಮಗಳಿಗೆ ಸಮನಾಗಿ, ತಲಾ ಮೂವತ್ತೆರಡರಲ್ಲಿ ಒಂದು. ಉಳಿದ ಏಳು ಪಾಲು ಕುಟುಂಬದಲ್ಲೇ ಇರುತ್ತದೆ.

ತಪ್ಪುವುದು ಎರಡು ಕಡೆ. ಕೆಲವರು ಮಗನ ಮಕ್ಕಳನ್ನೂ ಸೇರಿಸಿ ಹತ್ತು ತಲೆ ಎಣಿಸುತ್ತಾರೆ. ಇನ್ನು ಕೆಲವರು ಮಿತಾಕ್ಷರದ ಅಭ್ಯಾಸದಿಂದ ಶಾಖೆವಾರು ಹಂಚಿ ತಾಯಿ ಮತ್ತು ಮೂವರು ಮಕ್ಕಳಿಗೆ ಕಾಲು ಕಾಲು ಪಾಲು ಎಂದು ಬರೆಯುತ್ತಾರೆ. ಕಾಯಿದೆಯ ವಿವರಣೆಯಲ್ಲಿ ತಲೆವಾರು ಎಂದು ಸ್ಪಷ್ಟವಾಗಿಯೇ ಇದೆ.

ಹೆಂಗಸು ತೀರಿಕೊಂಡರೆ ಇನ್ನೊಂದು ತಪ್ಪು, ಇದು ವಕೀಲರ ಕರಡುಗಳಲ್ಲೂ ಕಾಣುತ್ತದೆ. ಸಾಮಾನ್ಯ 15ನೇ ಕಲಮಿನಲ್ಲಿ ಮಕ್ಕಳ ಜೊತೆ ಗಂಡನಿಗೂ ಮೊದಲ ಸಾಲಿನಲ್ಲೇ ಪಾಲು. ಅಳಿಯಸಂತಾನಕ್ಕೆ ಸೇರಿದವರಿಗೆ 17ನೇ ಕಲಂ ಆ ಕ್ರಮವನ್ನೇ ಬದಲಿಸಿದೆ: ಮೊದಲು ಮಕ್ಕಳು ಮತ್ತು ತಾಯಿ, ಎರಡನೆಯದಾಗಿ ತಂದೆ ಮತ್ತು ಗಂಡ, ಮೂರನೆಯದಾಗಿ ತಾಯಿಯ ವಾರಸುದಾರರು. ಮೇಲಿನ ಕುಟುಂಬದ ಹಿರಿಮಗಳು ತೀರಿಕೊಂಡರೆ ಅವಳ ಹಿಸ್ಸೆ ಮೂವರು ಮಕ್ಕಳು ಮತ್ತು ಬದುಕಿರುವ ತಾಯಿಗೆ ನಾಲ್ಕು ಸಮಪಾಲಾಗುತ್ತದೆ. ಗಂಡನ ಸರದಿ ಬರುವುದೇ ಇಲ್ಲ. ವಾರಸಾ ಅರ್ಜಿಯಲ್ಲಿ ಗಂಡನ ಹೆಸರು ಮೊದಲು ಕಂಡರೆ ಅಲ್ಲೇ ನಿಲ್ಲಿಸಿ ಕುಟುಂಬ ಅಳಿಯಕಟ್ಟಿನದೋ (ಅಳಿಯಸಂತಾನ) ಮಕ್ಕಳಕಟ್ಟಿನದೋ ಎಂದು ಕೇಳಬೇಕು.

ಹಳೆಯ ಪತ್ರಗಳಿಗೆ ಬಂದರೆ ತೊಡಕು ಹೆಚ್ಚು. ಮುಂಡ ಚೆಟ್ಟಿ ವಿರುದ್ಧ ತಿಮ್ಮಜು ಹೆಂಗ್ಸು ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟು 1863ರಲ್ಲೇ ಒಬ್ಬರ ಒತ್ತಾಯಕ್ಕೆ ಅಳಿಯಸಂತಾನ ಕುಟುಂಬ ಪಾಲಾಗದು ಎಂದಿತ್ತು. ಪಾಲು ಕೇಳುವ ಹಕ್ಕು ಕಾಯಿದೆಯಾಗಿ ಬಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಿಂದ. ಆದ್ದರಿಂದ ಅದಕ್ಕಿಂತ ಹಿಂದಿನ ಪತ್ರದಲ್ಲಿ ‘ಪಾಲು’ ಎಂದಿದ್ದರೂ ಅದು ನಿಜಕ್ಕೂ ಪಾಲೋ, ಉಣ್ಣಲು ಬಿಟ್ಟುಕೊಟ್ಟ ಏರ್ಪಾಡೋ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಆ 1949ರ ಕಾಯಿದೆಯ 36ನೇ ಕಲಮಿನ 6ನೇ ಉಪಕಲಂ ಅಳತೆ ಕೊಡುತ್ತದೆ. ಪತ್ರ ನೋಂದಣಿಯಾಗಿರಬೇಕು, ಪ್ರಾಯಕ್ಕೆ ಬಂದ ಸದಸ್ಯರೆಲ್ಲರೂ ಪಕ್ಷಗಾರರಾಗಿರಬೇಕು, ಇಡೀ ಆಸ್ತಿ ಎಲ್ಲ ಕವರುಗಳಿಗೂ ಶಾಶ್ವತ ಅನುಭೋಗಕ್ಕೆ ಹಂಚಿಹೋಗಿರಬೇಕು. ಸಹಿ ಹಾಕಿದವರ ಪಟ್ಟಿಯನ್ನು ವಂಶವೃಕ್ಷದ ಪಕ್ಕದಲ್ಲಿಟ್ಟು ಒಂದೊಂದೇ ಹೆಸರಿಗೆ ಗುರುತು ಹಾಕುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಬೊಂಬಾಯಿಗೆ ಹೋಗಿದ್ದ ಒಬ್ಬ ಸದಸ್ಯ ಬಿಟ್ಟುಹೋಗಿದ್ದರೂ ವಾದ ಕುಸಿಯುತ್ತದೆ.

ಮಧ್ಯಾಹ್ನ ಹೆಚ್ಚು ಹೊತ್ತು ಹಿಡಿದದ್ದು ಪ್ರಾಯದ ವಿಷಯ. ಅದೇ ಕಾಯಿದೆಯಂತೆ ಕವರಿನಲ್ಲಿ ಐವತ್ತು ತುಂಬದ ಒಬ್ಬ ಹೆಂಗಸಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಪಾಲಿನ ದಿನ ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದರೆ ನಿಸ್ಸಂತತಿ ಕವರಿಗೆ ಸಿಗುವುದು ಜೀವಿತಾವಧಿಯ ಹಕ್ಕು ಮಾತ್ರ. ಈ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿದೆ. 1973ರ ಜಲಜಾ ಶೆಡ್ತಿ ತೀರ್ಪನ್ನು ಪೂರ್ತಿ ಓದದೆ ಯಾರೂ ಇದರ ಮೇಲೆ ಬರೆಯಬಾರದು. ಒಂದು ಎಸ್ಟೇಟಿನ ಹಣೆಬರಹ ಒಬ್ಬ ಹೆಂಗಸಿನ ಪ್ರಾಯ 49ಓ 50ಓ ಎಂಬುದರ ಮೇಲೆ ನಿಂತಿರುತ್ತದೆ, ಪತ್ರದಲ್ಲೋ ‘ಪ್ರಾಯ ಸುಮಾರು 48’ ಎಂದಿರುತ್ತದೆ. ಆ ‘ಸುಮಾರು’ವನ್ನು ನಂಬಬಾರದು. ಅದೇ ಹೆಂಗಸು ಪಕ್ಷಗಾರಳಾದ ಹಿಂದಿನ ಮುಂದಿನ ಪತ್ರಗಳಲ್ಲಿ ಬರೆಸಿದ ಪ್ರಾಯ, ಶಾಲೆಯ ದಾಖಲಾತಿ ಪುಸ್ತಕ, ಜಾತಕ, ಹಿರಿಮಗುವಿನ ಹುಟ್ಟಿದ ವರ್ಷ, ಇಷ್ಟನ್ನೂ ಒಂದೇ ಕೋಷ್ಟಕದಲ್ಲಿ ಬರೆದು ತಾಳೆ ನೋಡಬೇಕು.

ಗಡಿಯ ಮಾತೂ ಬಂತು. ಕಾಸರಗೋಡು 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆಯದೇ ತಾಲೂಕು, ಅಲ್ಲೂ ಇದೇ 1949ರ ಕಾಯಿದೆ. ಆಮೇಲೆ ಕೇರಳ 1975ರ ಕಾಯಿದೆಯಿಂದ ಹಿಂದೂ ಅವಿಭಕ್ತ ಕುಟುಂಬವನ್ನೇ ರದ್ದು ಮಾಡಿತು. 1976ರ ಡಿಸೆಂಬರ್ 1ರಿಂದ ಅದು ಜಾರಿ. ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಆಚೆಗೂ ಈಚೆಗೂ ಜಮೀನಿರುವ ಕುಟುಂಬದ ದಾವೆಯಲ್ಲಿ ಎರಡೂ ಕಡೆಯ ಕಾನೂನನ್ನು ಬೇರೆ ಬೇರೆಯಾಗಿ ನೋಡಬೇಕು. ಅದೇ ಕಾರಣಕ್ಕೆ 1976ರ ನಂತರದ ಕೇರಳ ಹೈಕೋರ್ಟಿನ ತೀರ್ಪನ್ನು ತಂದು ಉಡುಪಿಯ ಜಮೀನಿಗೆ ಅನ್ವಯಿಸುವುದೂ ಸಲ್ಲದು.

ದಾಖಲೆ ತರುವವರಿಗೆ ಕೆಲವು ಸೂಚನೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವ ಇ.ಸಿ. (ಋಣಭಾರ ಪ್ರಮಾಣಪತ್ರ) 2004ರಿಂದ ಈಚಿನದು, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಪುಸ್ತಕ ತೆಗೆಸಬೇಕು. ನಮ್ಮ ಜಿಲ್ಲೆಯ ಆರ್‌ಟಿಸಿಯಲ್ಲಿ (ಪಹಣಿ) ವಿಸ್ತೀರ್ಣ ಎಕ್ರೆ-ಸೆಂಟ್ಸ್; ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿಗಳು 1-20 ಎಂಬುದನ್ನು ಎಕ್ರೆ-ಗುಂಟೆ ಎಂದು ಓದಿ ಒಂದೂವರೆ ಎಕ್ರೆ ಮಾಡಿಬಿಡುತ್ತಾರೆ, ಇರುವುದು 1.20 ಎಕ್ರೆ. ಪಾಲುಪಟ್ಟಿಯ ಷೆಡ್ಯೂಲಿನಲ್ಲಿರುವ ಗದ್ದೆಗಳಲ್ಲಿ ಗೇಣಿಗೆ ಕೊಟ್ಟದ್ದೆಲ್ಲ ಭೂಸುಧಾರಣೆ ಕಾಯಿದೆಯಂತೆ 1974ರ ಮಾರ್ಚ್ 1ಕ್ಕೆ ಸರಕಾರಕ್ಕೆ ಸೇರಿರುತ್ತದೆ. ಹಾಗಾಗಿ ಡಿಕ್ಲರೇಶನ್ (ಭೂಮಿ ತನ್ನ ಹೆಸರಿಗೆ ಬೇಕೆಂಬ ಗೇಣಿದಾರನ ಅರ್ಜಿ) ಆಗಿದೆಯೇ, ಆಗಿದ್ದರೆ ಭೂನ್ಯಾಯಮಂಡಳಿಯ ಆದೇಶ ಯಾರ ಹೆಸರಿಗೆ, ಒಬ್ಬನಿಗೋ ಕುಟುಂಬಕ್ಕೋ ಎಂದು ನೋಡದೆ ಹಿಸ್ಸೆಯ ಲೆಕ್ಕ ಹಾಕಿ ಫಲವಿಲ್ಲ.

ಈ ಕೆಲಸವನ್ನು ಎಲ್‌ಎಲ್‌.ಬಿ. ತರಗತಿಗೂ ಇಳಿಸಬಹುದು. ಬಾರ್ ಕೌನ್ಸಿಲಿನ 2008ರ ನಿಯಮಗಳಲ್ಲಿ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಪತ್ರಿಕೆಯ 100 ಅಂಕಗಳ ಪೈಕಿ 30 ಮೂರು ಮೂಟ್‌ಗಳಿಗೆ. ಅದರಲ್ಲಿ ಒಂದಕ್ಕಾದರೂ ಇಂಥ ಪಾಲಿನ ದಾವೆ ಕೊಟ್ಟು ವಂಶವೃಕ್ಷವನ್ನು ಲಿಖಿತ ವಾದದ ಭಾಗವಾಗಿಯೇ ತರಿಸಬೇಕು.

ಇನ್ನು ಅಧ್ಯಾಪಕರ ಸಾಧನೆಯ ಪುಟ. ಮಾನ್ಯ ಸಂಶೋಧನಾ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿ ನಿಲ್ಲಿಸಿರುವುದಾಗಿ ಯುಜಿಸಿ ಮೊನ್ನೆ 11ರಂದು ಪ್ರಕಟಿಸಿದೆ. ಪತ್ರಿಕೆಯ ಹೆಸರು ಪಟ್ಟಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಲೇಖನಕ್ಕೆ ಬೆಲೆ ಕಟ್ಟುವ ಕಾಲ ಮುಗಿಯಿತು. ಸಂಪಾದಕ ಮಂಡಳಿ ಯಾರದು, ತಜ್ಞರ ಪರಿಶೀಲನೆ ನಿಜಕ್ಕೂ ನಡೆಯುತ್ತದೆಯೇ ಎಂದು ವಿಭಾಗವೇ ನೋಡಬೇಕಾಗುತ್ತದೆ. ಒಳ್ಳೆಯದೇ ಆಯಿತು. ವಾರ್ಷಿಕ ವರದಿಗೆ ಪ್ರಕಟಣೆಯ ವಿವರ ಕೊಡುವ ಅಧ್ಯಾಪಕರು ಶೀರ್ಷಿಕೆ, ಸಂಚಿಕೆ, ಪುಟಸಂಖ್ಯೆ, ಐಎಸ್‌ಎಸ್‌ಎನ್ ಜೊತೆಗೆ ಲೇಖನದಲ್ಲಿ ಹೊಸದಾಗಿ ಕಂಡುಕೊಂಡದ್ದೇನು, ಯಾವ ಮೂಲ ದಾಖಲೆ ನೋಡಲಾಗಿದೆ ಎಂದು ಎರಡು ಸಾಲು ಬರೆದು ಕೊಡಿ. ಕುಟುಂಬಗಳಿಂದ ತಂದ ಪತ್ರಗಳಲ್ಲಿ ಹೆಸರು, ಸರ್ವೆ ನಂಬರು ಮುಚ್ಚಿ ಪ್ರತಿ ತೆಗೆಯಿರಿ, ಕೊಟ್ಟವರ ಲಿಖಿತ ಒಪ್ಪಿಗೆ ಲಗತ್ತಿಸಿ, ಮೂಲಪತ್ರವನ್ನು ಅವತ್ತೇ ಮನೆಗೆ ಮುಟ್ಟಿಸಿ.